ಮೈಕ್ ಬದಲಿಸಬೇಕಾ, ಇಟ್ಟಿರುವ ಜಾಗ ಬದಲಿಸಿದರೆ ಸಾಕಾ?

ಕಥೆಪೆಟ್ಟಿಗೆ:
ಮಕ್ಕಳ ಕಥೆ ಓದಿ ರೆಕಾರ್ಡ್ ಮಾಡುತ್ತೇನೆ. ರಾತ್ರಿ ಗೇಮ್ ಸ್ಟ್ರೀಮಿಂಗ್ ಕೂಡ ಇದೆ. ಎರಡಕ್ಕೂ ಒಂದೇ ಯುಎಸ್‌ಬಿ ಕಂಡೆನ್ಸರ್ ಮೈಕ್ (ಸಣ್ಣ ಸದ್ದನ್ನೂ ಹಿಡಿಯುವ ಜಾತಿ). ಮಾನಿಟರ್ ಪಕ್ಕದಲ್ಲಿ ಮೇಜಿನ ಮೇಲಿದೆ, ಬಾಯಿಂದ ಸುಮಾರು ಎರಡು ಅಡಿ ದೂರ. ದನಿ ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತದೆ, ಕೀಬೋರ್ಡ್ ಸದ್ದು ಮಾತಿಗಿಂತ ಜೋರು. ಎಲ್ಲರೂ ಡೈನಮಿಕ್ ಮೈಕ್ (ಅಷ್ಟು ಸೂಕ್ಷ್ಮವಲ್ಲದ ಜಾತಿ) ತಗೊಳ್ಳಿ ಅನ್ನುತ್ತಾರೆ. ಅದರಲ್ಲೂ ಶೂರ್ ಎಸ್‌ಎಂ7ಬಿ ಹೆಸರು ಜಾಸ್ತಿ ಕೇಳಿಬರುತ್ತಿದೆ. ತಗೊಂಡರೆ ಸರಿಹೋಗುತ್ತಾ?

ತೆರೆದಕಿವಿ:
ಸದ್ಯಕ್ಕೆ ಏನೂ ಕೊಳ್ಳಬೇಡಿ. ನಿಮ್ಮ ತೊಂದರೆ ಇರುವುದು ಆ ಎರಡು ಅಡಿಯಲ್ಲಿ.

ದೂರ ಅರ್ಧ ಆದಾಗಲೆಲ್ಲ ಬಾಯಿಂದ ಮೈಕಿಗೆ ನೇರವಾಗಿ ಹೋಗುವ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. 24 ಇಂಚಿನಿಂದ 6 ಇಂಚಿಗೆ ಬಂದರೆ ಹತ್ತಿರ ಹತ್ತಿರ 12 ಡೆಸಿಬೆಲ್. ಗೋಡೆಗೆ ಬಡಿದು ವಾಪಸ್ ಬರುವ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಈಗ ಗೇನ್, ಅಂದರೆ ಮೈಕಿನ ಸಿಗ್ನಲ್ ಎಷ್ಟು ಹಿಗ್ಗಬೇಕು ಅನ್ನುವ ಮಟ್ಟ, ಅಷ್ಟೇ ಡೆಸಿಬೆಲ್ ಇಳಿಸಿ. ನಿಮ್ಮ ಮಾತು ಮೊದಲಿನಷ್ಟೇ ಜೋರಾಗಿರುತ್ತದೆ, ಕೋಣೆಯ ಗುಂಯ್‌ಗುಡುವಿಕೆ ಹಿಂದೆ ಸರಿಯುತ್ತದೆ. ಇಷ್ಟು ದೊಡ್ಡ ವ್ಯತ್ಯಾಸ ಬರೀ ಮೈಕ್ ಬದಲಿಸಿದರೆ ಸಿಗಲ್ಲ.

ಇನ್ನು ಕೀಬೋರ್ಡ್. ಮೈಕಿನಲ್ಲಿ ಪ್ಯಾಟರ್ನ್ ಸ್ವಿಚ್ (ಯಾವ ಕಡೆಯ ಸದ್ದು ಹಿಡಿಯಬೇಕು ಅಂತ ಆರಿಸುವುದು) ಇದ್ದರೆ ಕಾರ್ಡಿಯಾಯ್ಡ್‌ಗೆ ಹಾಕಿ. ಕಾರ್ಡಿಯಾಯ್ಡ್ ಮೈಕಿಗೆ ತನ್ನ ಬೆನ್ನ ಹಿಂದಿನ ಸದ್ದು ತುಂಬಾ ಕಮ್ಮಿ ಕೇಳುತ್ತದೆ. ಮೈಕನ್ನು ಬೂಮ್ ಆರ್ಮ್‌ಗೆ (ಬೇಕಾದ ಕಡೆ ತಿರುಗಿಸಬಹುದಾದ ಉದ್ದ ತೋಳಿಗೆ) ಹಾಕಿ, ಗದ್ದದ ಮಟ್ಟಕ್ಕೆ ತಂದು, ಮುಖವನ್ನು ಬಾಯಿಯತ್ತ ಓರೆಯಾಗಿ ಎತ್ತಿ. ಆಗ ಅದರ ಬೆನ್ನು ಕೀಬೋರ್ಡ್ ಕಡೆಗೇ ಬರುತ್ತದೆ. ಮೇಜಿನ ಮೂಲಕ ಸ್ಟ್ಯಾಂಡಿಗೆ ಹತ್ತುವ ದಡದಡ ಕೂಡ ಇಳಿಯುತ್ತದೆ. ಆರ್ಮ್ ಅದೇ ಮೇಜಿಗೆ ಕಚ್ಚಿಸಿದ್ದರೆ ಶಾಕ್ ಮೌಂಟ್ (ನಡುಕ ಮೈಕಿಗೆ ತಾಗದಂತೆ ತಡೆಯುವ ಹಿಡಿಕೆ) ಬೇಕಾಗಬಹುದು.

ಒಂದು ಮಾತು ಕೇಳಲೇಬೇಕು: ನಿಮ್ಮ ಮೈಕಿನ ಮುಖ ಯಾವ ಕಡೆ ಇದೆ ಅಂತ ನೋಡಿದ್ದೀರಾ? ಬ್ಲೂ ಯೇತಿ ತರಹದ ಮೈಕ್‌ಗಳಿಗೆ ಪಕ್ಕದಿಂದ ಮಾತಾಡಬೇಕು, ಲೋಗೋ ಇರುವ ಕಡೆ. ಎಷ್ಟೋ ಜನ ತುದಿಯನ್ನು ಬಾಯಿಗೆ ಹಿಡಿದು ಮಾತಾಡುತ್ತಾರೆ, ಆಮೇಲೆ ಮೈಕ್ ಚೆನ್ನಾಗಿಲ್ಲ ಅನ್ನುತ್ತಾರೆ. ಪಾಪ, ಮೈಕಿನ ತಪ್ಪೇನಿಲ್ಲ.

ನಾಬ್‌ತಿರುಗಿಸು:
ಒಪ್ಪುತ್ತೇನೆ, ಆದರೂ ಸ್ಟ್ರೀಮಿಂಗ್‌ಗೆ ನನ್ನ ಓಟು ಡೈನಮಿಕ್‌ಗೇ. ಬಾಯಿಗೆ ತೀರಾ ಹತ್ತಿರ ಇಟ್ಟುಕೊಂಡರೂ ಕಿರಿಚಾಟ ತಡೆದುಕೊಳ್ಳುತ್ತದೆ. ಆದರೆ ಎಸ್‌ಎಂ7ಬಿ ಕೊಡುವ ಸಿಗ್ನಲ್ ತುಂಬಾ ಸಣ್ಣದು, ಸುಮಾರು 60 ಡೆಸಿಬೆಲ್ ಶುದ್ಧ ಗೇನ್ ಕೇಳುತ್ತದೆ. ಅದಕ್ಕೆ ತಕ್ಕ ಆಡಿಯೋ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) ಇಲ್ಲದಿದ್ದರೆ ಸುಮ್ನೆ ಹಿಸ್ ಅನ್ನುವ ಸದ್ದು ಕೇಳಬೇಕಾಗುತ್ತದೆ.

ತೆರೆದಕಿವಿ:
ಅದು ಸರಿ. ಆದರೆ ಡೈನಮಿಕ್ ಮೈಕ್ ಕೋಣೆಯ ಸದ್ದನ್ನು ಹಿಡಿಯುವುದೇ ಇಲ್ಲ ಅನ್ನುವ ಮಾತನ್ನು ನಂಬಬೇಡಿ. ಅದನ್ನು ಎರಡು ಅಡಿ ದೂರ ಇಟ್ಟರೆ ಅದೇ ಬಾವಿ, ಅದೇ ದನಿ.

ಕಥೆಪೆಟ್ಟಿಗೆ:
ಹತ್ತಿರ ತಂದು ನೋಡಿದೆ. ನಿಜವಾಗಲೂ ಬೇರೆ ಮೈಕ್ ಅನ್ನಿಸುತ್ತಿದೆ! ಆದರೆ ‘ಪ’, ‘ಭ’ ಬಂದಾಗ ಢಬ್ ಅನ್ನುತ್ತದೆ. ಕಥೆ ಓದುವಾಗ ದನಿ ಸ್ವಲ್ಪ ಭಾರ ಅನ್ನಿಸುತ್ತಿದೆ.

ತೆರೆದಕಿವಿ:
ಅಂಗೈಯನ್ನು ಬಾಯಿ ಮುಂದೆ ಹಿಡಿದು ‘ಪಟಪಟ’ ಅನ್ನಿ. ಗಾಳಿ ತಾಗುತ್ತದೆ ಅಲ್ವಾ? ಅಂಗೈಯನ್ನು ಮೆಲ್ಲಗೆ ಬಾಯಿಯ ಮೂಲೆ ಕಡೆ ಸರಿಸಿ, ಗಾಳಿ ನಿಂತುಹೋಗುತ್ತದೆ. ಮೈಕ್ ಅಲ್ಲಿರಲಿ, ಅದರ ಮುಖ ಮಾತ್ರ ಬಾಯಿ ಕಡೆಗೇ ತಿರುಗಿರಲಿ. ಪಾಪ್ ಫಿಲ್ಟರ್ (ಬಾಯಿಯ ಗಾಳಿ ತಡೆಯುವ ಪರದೆ) ಇದ್ದರೆ ಮೈಕಿನಿಂದ ಎರಡು ಬೆರಳು ಮುಂದೆ ಹಾಕಿ.

ಭಾರ ಅನ್ನಿಸುವುದು ಪ್ರಾಕ್ಸಿಮಿಟಿ ಎಫೆಕ್ಟ್. ಕಾರ್ಡಿಯಾಯ್ಡ್ ಮೈಕಿಗೆ ಹತ್ತಿರ ಹೋದಷ್ಟೂ ಬೇಸ್ (ದಪ್ಪ ದನಿ) ಉಬ್ಬುತ್ತದೆ. ಕಥೆಗೆ ಒಂದು ಗೇಣು ದೂರ ಇಡಿ, ಜೊತೆಗೆ ನಿಮ್ಮ ಬೆನ್ನ ಹಿಂದಿನ ಗೋಡೆಗೆ ದಪ್ಪ ಕಂಬಳಿ ನೇತುಹಾಕಿ. ಗೇಮ್ ಹೊತ್ತಿಗೆ ಮತ್ತೆ ಹತ್ತಿರ ತನ್ನಿ. ಗೇನ್ ಹೊಂದಿಸುವಾಗ ಮೆಲ್ಲಗೆ ಮಾತಾಡಿ ನೋಡಬೇಡಿ. ಗೆದ್ದಾಗ ಹೇಗೆ ಕೂಗುತ್ತೀರೋ ಹಾಗೇ ಕೂಗಿ, ರೆಕಾರ್ಡಿಂಗ್ ಸಾಫ್ಟ್‌ವೇರಿನ ಮೀಟರ್ ಮೈನಸ್ 6 ಡೆಸಿಬೆಲ್ ದಾಟದ ಹಾಗೆ ಇಡಿ.