ಟೆಂಡರ್‌ನಲ್ಲಿ ‘ಇಲಾಖೆ ಸೂಚಿಸುವ ಸ್ಥಳ’ ಅಂದರೆ ಎಲ್ಲಿಗೆ? ಅನುಭವ ಇದ್ದವರು ಹೇಳಿ

ಕೇಳಿದವರು (ತುಮಕೂರು, ಸಣ್ಣ ಘಟಕ):
ಎಲ್ಲರಿಗೂ ನಮಸ್ಕಾರ. ನಾವು ಶಾಲೆಗಳ ಡೆಸ್ಕು, ಬೆಂಚು ಮಾಡುತ್ತೇವೆ. ಮೊದಲ ಸಲ ಸರ್ಕಾರಿ ಟೆಂಡರ್‌ಗೆ ಹಾಕುವವರಿದ್ದೇವೆ. ದರ ‘ಎಫ್‌ಒಆರ್ ಡೆಸ್ಟಿನೇಷನ್’ ಅಂತಿದೆ. ಆದರೆ ಸ್ಥಳದ ಮುಂದೆ ‘ಇಲಾಖೆ ಸೂಚಿಸುವ ಕಡೆ’ ಅಂತ ಮಾತ್ರ ಬರೆದಿದ್ದಾರೆ. ಜಿಲ್ಲಾ ಗೋದಾಮಿಗೆ ಇಳಿಸಿದರೆ ಮುಗಿಯಿತಾ, ಇಲ್ಲ ಒಂದೊಂದು ಶಾಲೆಗೂ ಮುಟ್ಟಿಸಬೇಕಾ?

ಹುಬ್ಬಳ್ಳಿಯ ಪೂರೈಕೆದಾರ:
ಅಣ್ಣಾ, ದರ ಹಾಕುವ ಮುಂಚೆಯೇ ಇದನ್ನು ಬರಹದಲ್ಲಿ ಕೇಳಿ. ಎಫ್‌ಒಆರ್ ಡೆಸ್ಟಿನೇಷನ್ ಅಂದರೆ ಅಲ್ಲಿಯವರೆಗಿನ ಲಾರಿ ಬಾಡಿಗೆ, ದಾರಿಯಲ್ಲಿ ಮುರಿದರೆ ನಷ್ಟ, ಎಲ್ಲ ನಿಮ್ಮದೇ. ಇಳಿಸುವ ಹಮಾಲಿ ಕೂಡ ಸಾಮಾನ್ಯವಾಗಿ ನಿಮ್ಮ ತಲೆಗೇ ಬರುತ್ತದೆ. ಒಂದು ಗೋದಾಮಿಗೆ ಲಾರಿ ತುಂಬಿ ಕಳಿಸುವ ಲೆಕ್ಕವೇ ಬೇರೆ, ಹಳ್ಳಿಹಳ್ಳಿಗೆ ಸಣ್ಣ ಗಾಡಿ ಮಾಡಿ, ಶಾಲೆ ಬಾಗಿಲು ತೆಗೆದಿರುವ ಹೊತ್ತಿಗೇ ಹೋಗಿ, ಮುಖ್ಯ ಶಿಕ್ಷಕರು ಮೀಟಿಂಗ್‌ಗೆ ಹೋಗಿದ್ದರೆ ಕಾದು, ಸಹಿ ಸೀಲು ತರುವ ಲೆಕ್ಕವೇ ಬೇರೆ. ಡೆಸ್ಕಿನಲ್ಲಿ ಸಿಗುವ ಲಾಭ ಅಲ್ಲೇ ಹೋಗಿಬಿಡುತ್ತದೆ.

ನಮಗೆ ಒಂದು ಕಚೇರಿಯಲ್ಲಿ, ಲಾರಿ ಬಂದು ನಿಂತ ಮೇಲೆ ‘ಶಾಲೆಗಳಿಗೆ ನೀವೇ ಹಂಚಿ’ ಅಂದರು. ಪೂರೈಕೆ ಆದೇಶದಲ್ಲಿ ಆ ಕಚೇರಿಯ ವಿಳಾಸವೇ ಇತ್ತು. ಅದನ್ನು ತೋರಿಸಿದೆವು, ಅಲ್ಲೇ ಇಳಿಸಿಕೊಂಡರು. ಆದೇಶದಲ್ಲಿ ವಿಳಾಸ ಇಲ್ಲದಿದ್ದರೆ ಏನಂತ ವಾದ ಮಾಡುವುದು ಹೇಳಿ?

ವಕೀಲೆ, ಬೆಂಗಳೂರು:
ಸರ್, ಕಾನೂನಿನ ಕಡೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ದುಡ್ಡು ಸಿಕ್ಕಿಬೀಳುವುದು ಇಲ್ಲೇ. 1930ರ ಸರಕು ಮಾರಾಟ ಕಾಯ್ದೆಯ 36ನೇ ಕಲಂ ಪ್ರಕಾರ, ಒಪ್ಪಂದದಲ್ಲಿ ಏನೂ ಹೇಳಿಲ್ಲದಿದ್ದರೆ, ಇನ್ನೂ ತಯಾರಾಗದ ಮಾಲನ್ನು ಕೊಡಬೇಕಾದ ಜಾಗ ಅದು ತಯಾರಾಗುವ ಜಾಗ. ಅಂದರೆ ನಿಮ್ಮ ಘಟಕವೇ. ಸರ್ಕಾರಿ ಟೆಂಡರ್‌ಗಳು ‘ಡೆಸ್ಟಿನೇಷನ್’ ಅಂತ ಬರೆದು ಇದನ್ನೇ ತಿರುಗಿಸುತ್ತವೆ. ಆಮೇಲೆ ಆ ಡೆಸ್ಟಿನೇಷನ್ ಯಾವುದು ಅಂತ ಹೇಳದೆ ಬಿಟ್ಟರೆ? 1872ರ ಒಪ್ಪಂದ ಕಾಯ್ದೆಯ 49ನೇ ಕಲಂನಲ್ಲಿ ದಾರಿ ಇದೆ: ಸ್ಥಳ ಗೊತ್ತುಮಾಡದಿದ್ದರೆ, ಕೊಡುವವನೇ ಹೋಗಿ ‘ಒಂದು ನ್ಯಾಯವಾದ ಜಾಗ ಹೇಳಿ’ ಅಂತ ಕೇಳಬೇಕು. ಸುಮ್ನೆ ಕಾಯುವ ಹಾಗಿಲ್ಲ. ಹಾಗಾಗಿ ಪತ್ರ ಬರೆಯಿರಿ, ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ.

ಇನ್ನೊಂದು, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ನೀವು ಸಣ್ಣ ಉದ್ದಿಮೆಯಾದರೆ 2006ರ ಎಂಎಸ್‌ಎಂಇಡಿ ಕಾಯ್ದೆ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಕಾಯ್ದೆ) ಪ್ರಕಾರ ಖರೀದಿದಾರರು ನಿಮಗೆ ಹಣ ಕೊಡುವುದು ಮಾಲು ಒಪ್ಪಿಕೊಂಡ ದಿನದಿಂದ 45 ದಿನ ದಾಟುವಂತಿಲ್ಲ. ಒಪ್ಪಿಕೊಂಡ ದಿನ ಅಂದರೆ ಮಾಲು ನಿಜವಾಗಿ ತಲುಪಿದ ದಿನ. ತಲುಪಿ 15 ದಿನದೊಳಗೆ ಅವರು ಬರಹದಲ್ಲಿ ತಕರಾರು ಹಾಕಿದರೆ ಮಾತ್ರ, ಆ ತಕರಾರು ಬಗೆಹರಿದ ದಿನ. ತಲುಪಬೇಕಾದ್ದು ಗೋದಾಮಿಗಾ ಶಾಲೆಗಾ ಅನ್ನುವುದು ಬಗೆಹರಿಯದಿದ್ದರೆ ಈ 45 ದಿನದ ಎಣಿಕೆ ಶುರುವೇ ಆಗುವುದಿಲ್ಲ, ಅಲ್ವಾ? ಅವಧಿ ಮೀರಿದರೆ ಬಡ್ಡಿ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ಚಕ್ರಬಡ್ಡಿ. ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಮಾಡಿಸುವ ನೋಂದಣಿ) ಒಪ್ಪಂದಕ್ಕೆ ಮುಂಚೆಯೇ ಮಾಡಿಸಿಟ್ಟಿರಿ. ವ್ಯಾಜ್ಯ ಬಂದರೆ ಸಣ್ಣ ಉದ್ದಿಮೆಗಳ ಬಾಕಿ ವ್ಯಾಜ್ಯ ನೋಡುವ, ನಿಮ್ಮ ಕಡೆಯ ಫೆಸಿಲಿಟೇಷನ್ ಕೌನ್ಸಿಲ್‌ಗೇ ಹೋಗಬಹುದು, ಖರೀದಿದಾರ ದೇಶದ ಯಾವ ಮೂಲೆಯಲ್ಲಿದ್ದರೂ ಸರಿ.

ನಿವೃತ್ತ ಉಗ್ರಾಣಾಧಿಕಾರಿ:
ನಾನು ಆ ಕಡೆ ಕೂತು ಟೆಂಡರ್ ದಾಖಲೆ ಬರೆದವನು. ಸ್ಥಳ ಬಿಡುವುದರಲ್ಲಿ ಯಾವಾಗಲೂ ಕೆಟ್ಟ ಉದ್ದೇಶ ಇರುವುದಿಲ್ಲ. ಎಷ್ಟೋ ಸಲ ಶಾಲೆಗಳ ಪಟ್ಟಿ ಅಂತಿಮ ಆಗಿರುವುದೇ ಇಲ್ಲ, ಟೆಂಡರ್ ಕರೆಯುವ ತುರ್ತು ಮಾತ್ರ ಇರುತ್ತದೆ. ಆದರೆ ಇದು ಸರಿಯಲ್ಲ ಅಂತ ನಾನು ಒಳಗಿದ್ದಾಗಲೂ ಹೇಳುತ್ತಿದ್ದೆ. ಒಬ್ಬ ಗೋದಾಮು ಅಂದುಕೊಂಡು ದರ ಹಾಕುತ್ತಾನೆ, ಇನ್ನೊಬ್ಬ ಶಾಲೆ ಅಂದುಕೊಂಡು. ಎರಡನ್ನೂ ಅಕ್ಕಪಕ್ಕ ಇಟ್ಟು ‘ಕಡಿಮೆ ದರ’ ಅಂತ ಆರಿಸಿದರೆ ಯಾವ ನ್ಯಾಯ? 1999ರ ಕೆಟಿಪಿಪಿ ಕಾಯ್ದೆ (ಸರ್ಕಾರಿ ಖರೀದಿಯಲ್ಲಿ ಪಾರದರ್ಶಕತೆಗಾಗಿ ಇರುವ ಕರ್ನಾಟಕದ ಕಾಯ್ದೆ) ಬಂದದ್ದೇ ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ. ಹಾಗಾಗಿ ಪ್ರೀ-ಬಿಡ್ ಸಭೆಯಲ್ಲಿ (ದರ ಹಾಕುವ ಮುಂಚೆ ನಡೆಯುವ ಸಭೆ) ಕೇಳಿ, ಪಟ್ಟಿ ಅನುಬಂಧವಾಗಿ ಸೇರಿಸಿ ಅನ್ನಿ. ಉತ್ತರ ಎಲ್ಲ ಬಿಡ್‌ದಾರರಿಗೂ ಹೋಗಬೇಕು. ಫೋನಿನಲ್ಲಿ ಸಿಕ್ಕ ಉತ್ತರಕ್ಕೆ ಬೆಲೆ ಇಲ್ಲ.

ಜೆಮ್‌ನಲ್ಲಿ ಮಾರುವವರು, ಮೈಸೂರು:
ಜೆಮ್ ಪೋರ್ಟಲ್‌ನಲ್ಲಿ (ಸರ್ಕಾರಿ ಕಚೇರಿಗಳು ಆನ್‌ಲೈನ್‌ನಲ್ಲಿ ಖರೀದಿಸುವ ತಾಣ) ಈ ಗೊಂದಲ ಕಡಿಮೆ. ಆರ್ಡರ್‌ನಲ್ಲೇ ಕನ್ಸೈನಿ (ಮಾಲು ಪಡೆಯುವವರು) ಯಾರು, ವಿಳಾಸ ಏನು, ಅಲ್ಲಿಗೆ ಎಷ್ಟು ಅಂತ ಬರುತ್ತದೆ. ಆ ಕನ್ಸೈನಿ ಸಿಆರ್‌ಎಸಿ (ಮಾಲು ಬಂತು, ಒಪ್ಪಿಕೊಂಡೆವು ಅನ್ನುವ ಪ್ರಮಾಣಪತ್ರ) ಕೊಟ್ಟರೇ ಬಿಲ್ ಮುಂದಕ್ಕೆ. ಬೇರೆ ಕಡೆ ಇಳಿಸಿ ಅಂದರೆ ಮೊದಲು ಪೋರ್ಟಲ್‌ನಲ್ಲಿ ತಿದ್ದಿಸಿ, ಆಮೇಲೆ ಗಾಡಿ ಬಿಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪತ್ರ ಇವತ್ತೇ ಕಳಿಸುತ್ತೇನೆ. ಶಾಲೆಗೇ ಅಂದರೆ ತಾಲೂಕುವಾರು ಬಾಡಿಗೆ ಲೆಕ್ಕ ಹಾಕಿಯೇ ದರ ಕೊಡುತ್ತೇನೆ. ಇನ್ನೊಂದು ಅನುಮಾನ: ಡೆಸ್ಕನ್ನು ಬಿಡಿಬಿಡಿಯಾಗಿ ಒಯ್ದು ಅಲ್ಲಿ ಜೋಡಿಸಿದರೆ ನಡೆಯುತ್ತದಾ?

ಹುಬ್ಬಳ್ಳಿಯ ಪೂರೈಕೆದಾರ:
ನಡೆಯುತ್ತದೆ, ಗಾಡಿಯಲ್ಲಿ ಜಾಗವೂ ಉಳಿಯುತ್ತದೆ. ಆದರೆ ಅದನ್ನೂ ಅದೇ ಪತ್ರದಲ್ಲಿ ಕೇಳಿ. ಜೋಡಿಸುವುದು ನಿಮ್ಮ ಕೆಲಸ ಅಂತಾದರೆ ಬರೀ ಇಳಿಸಿದ್ದಕ್ಕೆ ಪೂರೈಕೆ ಮುಗಿಯಿತು ಅಂತ ಒಪ್ಪಲ್ಲ. ಜೋಡಿಸಿದ ಮೇಲೆ ಚಲನ್ ಮೇಲೆ ತಾರೀಖು ಸಮೇತ ಸಹಿ, ಸ್ಟಾಕ್ ರಿಜಿಸ್ಟರ್‌ನ ಪುಟ ಸಂಖ್ಯೆ ಎರಡೂ ಹಾಕಿಸಿಕೊಂಡು ಬನ್ನಿ.