ಚಿಕ್ಕ ಜೋಡಿ, ಒಂದೇ ಜಾತಿಯ ಅಕ್ಕಪಕ್ಕದ ಎಲೆ: ಯಾವಾಗ ಆಡಬೇಕು, ಯಾವಾಗ ಬಿಡಬೇಕು?

ಕಳಾವರ್ ಏಳು:
ನಾವು ಆರು ಮಂದಿ ಗೆಳೆಯರು ಭಾನುವಾರ ಸಂಜೆ ಒಬ್ಬರ ಮನೆಯಲ್ಲಿ ಸೇರಿ, ಹಣ ಕಟ್ಟದೆ, ಬರೀ ಪ್ಲಾಸ್ಟಿಕ್ ಚಿಪ್ಸ್ ಇಟ್ಟುಕೊಂಡು ಟೆಕ್ಸಸ್ ಹೋಲ್ಡೆಮ್ ಪೋಕರ್ (ಪ್ರತಿಯೊಬ್ಬರ ಕೈಯಲ್ಲಿ ಎರಡು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ) ಆಡುತ್ತೇವೆ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಹಾಕಲೇಬೇಕಾದ ಚಿಪ್ಸ್) 50 ಮತ್ತು 100. ಪ್ರತಿಯೊಬ್ಬರಿಗೂ ಆರಂಭದಲ್ಲಿ 6,000 ಚಿಪ್ಸ್. ಚಿಕ್ಕಂದಿನಿಂದ ರಮ್ಮಿ ಆಡಿ ಬೆಳೆದಿದ್ದರಿಂದಲೋ ಏನೋ, ಒಂದೇ ಜಾತಿಯ ಅಕ್ಕಪಕ್ಕದ ಎರಡು ಎಲೆ ಕೈಗೆ ಬಂದರೆ ಸೀಕ್ವೆನ್ಸ್ ಅರ್ಧ ಕೂಡಿದಂತೆಯೇ ಅನ್ನಿಸಿ, ಎದುರಿನವರು ಎಷ್ಟು ರೇಸ್ ಮಾಡಿದರೂ (ಬೆಲೆ ಏರಿಸಿದರೂ) ಬಿಡಲು ಮನಸ್ಸಾಗುವುದಿಲ್ಲ. ಕಳೆದ ವಾರ ಆಟೀನ್ ಏಳು ಮತ್ತು ಆರು ಹಿಡಿದು ಕಾಲ್ ಮಾಡಿದೆ, ಅಂದರೆ ಎದುರಿನವರು ಹಾಕಿದಷ್ಟೇ ಚಿಪ್ಸ್ ಹಾಕಿದೆ. ಫ್ಲಾಪ್‌ನಲ್ಲಿ (ಮೇಜಿನ ಮೇಲೆ ಮೊದಲು ತೆರೆಯುವ ಮೂರು ಎಲೆ) ರಾಜ, ಒಂಬತ್ತು, ಎರಡು, ಮೂರೂ ಆಟೀನೇ ಬಿದ್ದವು. ಒಂದೇ ಜಾತಿಯ ಐದು ಎಲೆ, ಅಂದರೆ ಫ್ಲಶ್, ಆಯಿತೆಂದು ಇದ್ದ ಚಿಪ್ಸನ್ನೆಲ್ಲ ಮುಂದಕ್ಕೆ ತಳ್ಳಿದೆ; ಎದುರಿನವರು ಆಟೀನ್ ಎಕ್ಕ ಮತ್ತು ನಾಲ್ಕನ್ನು ತೋರಿಸಿ, ದೊಡ್ಡ ಫ್ಲಶ್‌ನಿಂದ ಗೆದ್ದರು. ಇಂತಹ ಎಲೆಗಳನ್ನೂ ಎರಡು, ಮೂರು, ಐದರಂತಹ ಚಿಕ್ಕ ಜೋಡಿಗಳನ್ನೂ ಆಡಬೇಕೇ ಬೇಡವೇ ಎಂಬುದನ್ನು ಯಾವ ಆಧಾರದ ಮೇಲೆ ನಿರ್ಧರಿಸಬೇಕು?

ಹಳೇ ಡೀಲರ್:
ಮೊದಲು ಜೋಡಿಯ ಲೆಕ್ಕ ನೋಡೋಣ, ಏಕೆಂದರೆ ಅದು ಸ್ವಚ್ಛವಾಗಿದೆ. ಕೈಯಲ್ಲಿ ಜೋಡಿ ಇದ್ದಾಗ ಫ್ಲಾಪ್‌ನಲ್ಲಿ ಅದೇ ಸಂಖ್ಯೆಯ ಮತ್ತೊಂದು ಎಲೆ ಬಂದು ಸೆಟ್ ಆಗುವುದು ಸುಮಾರು ಶೇ. 11.8ರಷ್ಟು, ಅಂದರೆ 17 ಸಲಕ್ಕೆ 2 ಸಲ ಮಾತ್ರ. ಒಬ್ಬರು 300ಕ್ಕೆ ರೇಸ್ ಮಾಡಿದ್ದಾರೆ, ನೀವು ಬಟನ್‌ನಲ್ಲಿ (ಫ್ಲಾಪ್ ನಂತರ ಕೊನೆಗೆ ಮಾತಾಡುವ ಜಾಗ) ಐದರ ಜೋಡಿ ಹಿಡಿದು ಕಾಲ್ ಮಾಡುತ್ತೀರಿ, ಬ್ಲೈಂಡ್‌ನವರಿಬ್ಬರೂ ಎಲೆ ಬಿಡುತ್ತಾರೆ ಎಂದುಕೊಳ್ಳಿ. ಸೆಟ್ ಆಗದ 15 ಸಲವೂ ಎಲೆ ಬಿಟ್ಟರೆ 4,500 ಚಿಪ್ಸ್ ಹೋಗುತ್ತವೆ. ಹಾಗಾಗಿ ಸೆಟ್ ಆದ ಪ್ರತಿ ಸಲವೂ ಸರಾಸರಿ 2,250 ಗಳಿಸಿದರೆ ಮಾತ್ರ ಲೆಕ್ಕ ಸರಿಹೋಗುತ್ತದೆ. ಅವರ ರೇಸ್ ಮತ್ತು ಬ್ಲೈಂಡ್ ಸೇರಿ ಪಾಟ್‌ನಲ್ಲಿ (ಎಲ್ಲರೂ ಹಾಕಿದ ಚಿಪ್ಸ್‌ನ ರಾಶಿ) ಆಗಲೇ 450 ಇದೆ. ಉಳಿದ 1,800 ಎದುರಿನವರ ಮುಂದಿರುವ ರಾಶಿಯಿಂದಲೇ ಬರಬೇಕು.

ಅವರ ಮುಂದೆ ಇನ್ನೂ 5,700 ಇದ್ದರೆ ಅದರಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಸಿಕ್ಕರೆ ಸಾಕು, ಆದ್ದರಿಂದ ಕಾಲ್ ಮಾಡಬಹುದು. ಕೇವಲ 1,800 ಉಳಿದಿದ್ದರೆ, ಅವರು ಪ್ರತಿ ಸಲವೂ ಕೊನೆಯ ಚಿಪ್‌ವರೆಗೆ ಹಾಕಬೇಕು, ನೀವು ಒಮ್ಮೆಯೂ ಸೋಲಬಾರದು. ಅದು ಆಗದ ಮಾತು. ಸೆಟ್ ಆಗದೆಯೂ ಐದರ ಜೋಡಿ ಅಪರೂಪಕ್ಕೆ ಗೆಲ್ಲುತ್ತದೆ ನಿಜ, ಆದರೆ ದೊಡ್ಡ ಸೆಟ್ಟಿಗೆ ಸೋಲುವುದೂ ಇದೆ. ಕಾಲ್‌ನ ಮೊತ್ತದ 15ರಿಂದ 20 ಪಟ್ಟು ಚಿಪ್ಸ್ ಇಬ್ಬರ ಮುಂದೆಯೂ ಇರಬೇಕು ಎಂದು ಆಟಗಾರರು ಹೇಳುವುದು ಇದಕ್ಕಾಗಿಯೇ.

ಬಟನ್ ಬಸವ:
ಆಟೀನ್ ಏಳು–ಆರರ ಲೆಕ್ಕ ಇದಕ್ಕಿಂತ ಜಿಗುಟು. ಒಂದೇ ಜಾತಿಯ ಎರಡು ಎಲೆಗೆ ಫ್ಲಾಪ್‌ನಲ್ಲೇ ಪೂರ್ಣ ಫ್ಲಶ್ ಆಗುವುದು ಸುಮಾರು 119 ಸಲಕ್ಕೆ ಒಂದು ಸಲ. ನೀವು ಅಷ್ಟು ಅಪರೂಪದ್ದನ್ನು ಕಂಡು ಸೋತಿದ್ದೀರಿ, ಪಾಪ! ಫ್ಲಾಪ್‌ನಲ್ಲಿ ಅದೇ ಜಾತಿಯ ಎರಡು ಎಲೆ ಬಿದ್ದು ಇನ್ನೊಂದಕ್ಕೆ ಕಾಯುವ ಸ್ಥಿತಿ ಸುಮಾರು ಶೇ. 11ರಷ್ಟು ಸಲ ಬರುತ್ತದೆ. ಹಾಗೆ ಕಾದಾಗಲೂ ರಿವರ್‌ವರೆಗೆ, ಅಂದರೆ ಐದನೆಯ ಕೊನೆಯ ಎಲೆಯವರೆಗೆ, ಫ್ಲಶ್ ಆಗುವುದು ಶೇ. 35 ಮಾತ್ರ. ಅಂದರೆ ಈ ಎಲೆಗಳು ಹೆಚ್ಚಾಗಿ ನಿಮ್ಮನ್ನು ಅರ್ಧ ದಾರಿಯಲ್ಲಿ ನಿಲ್ಲಿಸುತ್ತವೆ, ಮುಂದಿನ ಪ್ರತಿ ಎಲೆಗೂ ಮತ್ತೆ ಬೆಲೆ ಕೇಳುತ್ತವೆ. ಆ ಬೆಲೆ ಎಷ್ಟೆಂದು ತಿಳಿಯಲು ಕೊನೆಯಲ್ಲಿ ಮಾತಾಡುವ ಜಾಗ ಬೇಕು. ಬಟನ್‌ನಲ್ಲಿ ಕೂತವರು ಎದುರಿನವರು ಚೆಕ್ ಮಾಡಿದರೆ (ಏನೂ ಹಾಕದೆ ಸರದಿ ಬಿಟ್ಟರೆ) ತಾವೂ ಚೆಕ್ ಮಾಡಿ ಮುಂದಿನ ಎಲೆಯನ್ನು ಪುಕ್ಕಟೆ ನೋಡಬಹುದು. ಮೊದಲು ಮಾತಾಡುವವರಿಗೆ ಆ ಭರವಸೆ ಇಲ್ಲ. ನಾನಂತೂ ಮೊದಲ ಜಾಗದಲ್ಲಿ ಏಳು–ಆರನ್ನು ಎತ್ತಿ ನೋಡಿದಷ್ಟೇ ಬೇಗ ಕೆಳಗಿಡುತ್ತೇನೆ.

ಕಳಾವರ್ ಏಳು:
ಇಬ್ಬರಿಗೂ ಧನ್ಯವಾದಗಳು. ಐದಾರು ಮಂದಿ ಒಟ್ಟಿಗೆ ಕಾಲ್ ಮಾಡಿದಾಗ ಪಾಟ್ ದೊಡ್ಡದಾಗುತ್ತದೆ, ಆಗಲಾದರೂ ಏಳು–ಆರನ್ನು ಧೈರ್ಯವಾಗಿ ಆಡಬಹುದೇ?

ಹಳೇ ಡೀಲರ್:
ಚಿಕ್ಕ ಜೋಡಿಯನ್ನು ಆಡಬಹುದು, ಏಕೆಂದರೆ ಸೆಟ್ ಎದುರಿನವರ ಕಣ್ಣಿಗೆ ಕಾಣುವುದಿಲ್ಲ, ಜನ ಹೆಚ್ಚಿದಷ್ಟೂ ಹಣ ಹಾಕುವವರು ಹೆಚ್ಚು. ಏಳು–ಆರಿನ ವಿಷಯದಲ್ಲಿ ಬಹಳ ಮಂದಿ ಅದೇ ಸಲಹೆ ಕೊಡುತ್ತಾರೆ, ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಕಡಿಮೆ ಬೆಲೆಗೆ ಸಿಕ್ಕರೆ ಸರಿ. ಆದರೆ ಮೇಜಿನಲ್ಲಿ ಜನ ಹೆಚ್ಚಿದಷ್ಟೂ ಅದೇ ಜಾತಿಯ ಎಕ್ಕವೋ ರಾಣಿಯೋ ಇನ್ನೊಬ್ಬರ ಕೈಯಲ್ಲಿರುವ ಸಂಭವ ಹೆಚ್ಚುತ್ತದೆ. ಏಳರ ಫ್ಲಶ್‌ಗೆ ಸಣ್ಣ ಬೆಟ್‌ಗಳಷ್ಟೇ ಹಾಕುವವರು ಕೆಳಗಿನ ಕೈಯವರು. ಇಡೀ ರಾಶಿ ಹಾಕಲು ಒಪ್ಪುವವರು ಬಹುಪಾಲು ಮೇಲಿನ ಫ್ಲಶ್‌ನವರೇ. ಅದಕ್ಕೇ ಎಕ್ಕದೊಂದಿಗಿನ ಅದೇ ಜಾತಿಯ ಚಿಕ್ಕ ಎಲೆ, ಅಂದರೆ ನಿಮ್ಮ ಗೆಳೆಯರ ಎಕ್ಕ–ನಾಲ್ಕು, ಇಂತಹ ಗುಂಪಿನ ಪಾಟ್‌ನಲ್ಲಿ ಏಳು–ಆರಿಗಿಂತ ಮೇಲು. ಅಂದ ಹಾಗೆ, ಕಳೆದ ವಾರದ ಆ ಕೈಯಲ್ಲಿ ನೀವು ಎಷ್ಟಕ್ಕೆ, ಯಾವ ಜಾಗದಿಂದ ಕಾಲ್ ಮಾಡಿದಿರಿ?

ಕಳಾವರ್ ಏಳು:
ಸ್ಮಾಲ್ ಬ್ಲೈಂಡ್‌ನಿಂದ (50 ಹಾಕುವ ಜಾಗ, ಫ್ಲಾಪ್ ನಂತರ ಮೊದಲು ಮಾತಾಡಬೇಕು), 900ಕ್ಕೆ.

ಬಟನ್ ಬಸವ:
ಹಾಗಾದರೆ ಫ್ಲಾಪ್‌ನಲ್ಲಿ ಮೂರು ಆಟೀನ್ ಬೀಳುವುದಕ್ಕೆ ಮೊದಲೇ ಆ ಕೈಯನ್ನು ಬಿಡಬೇಕಿತ್ತು, ಸರ್. ಆರಂಭದ ರಾಶಿಯ ಏಳನೆಯ ಒಂದು ಭಾಗವನ್ನು ಮೂರು ಎಲೆ ನೋಡುವುದಕ್ಕೇ ಕೊಟ್ಟಿದ್ದೀರಿ. ಬಂದದ್ದು ನೂರಕ್ಕೊಮ್ಮೆ ಬರುವ ಎಲೆ, ಅದೂ ಸಾಕಾಗಲಿಲ್ಲ.