ಪದಚರ್ಚೆ: ‘ಕುಡಿಕಿಡಪ್ಪು’ಗೆ ‘ಒಕ್ಕಲು’ ಸಾಕಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ.

ಕಾಸರಗೋಡಿನಲ್ಲಿ ಪದವಿ ಮಕ್ಕಳಿಗೆ ಭೂಸುಧಾರಣೆಯ ಕಾನೂನನ್ನೂ ಅದರ ಹಿಂದಿನ ಸಾಮಾಜಿಕ ಚರಿತ್ರೆಯನ್ನೂ ಕನ್ನಡದಲ್ಲಿ ಪಾಠ ಮಾಡುತ್ತೇನೆ. ಮಲಯಾಳದ ‘ಕುಡಿಕಿಡಪ್ಪು’ ಎಂಬ ಒಂದು ಪದ ಪ್ರತಿ ಸಲ ಕಾಡುತ್ತದೆ. ಅದಕ್ಕೆ ಈ ಪತ್ರ.

ಕೇರಳದ 1963ರ ಭೂಸುಧಾರಣಾ ಕಾಯ್ದೆ ಧಣಿಯ ಭೂಮಿಯಲ್ಲಿದ್ದವರನ್ನು ಮುಖ್ಯವಾಗಿ ಎರಡು ಗುಂಪು ಮಾಡುತ್ತದೆ. ಗೇಣಿ ಕೊಟ್ಟು ಬೇಸಾಯ ಮಾಡುತ್ತಿದ್ದವರು ಒಂದು. ಧಣಿಯ ಜಾಗದಲ್ಲಿ ಒಂದು ಗುಡಿಸಲು ಹಾಕಿಕೊಂಡೋ, ಧಣಿಯೇ ಕೊಟ್ಟ ಗುಡಿಸಲಿನಲ್ಲೋ ಇದ್ದವರು ಇನ್ನೊಂದು. ಈ ಎರಡನೆಯವರೇ ಕುಡಿಕಿಡಪ್ಪುಕಾರರು. ಬಾಡಿಗೆ ಕೊಡುತ್ತಿದ್ದರೂ ಸರಿ, ಇಲ್ಲದಿದ್ದರೂ ಸರಿ. ಬೇರೆ ಕಡೆ ಮನೆ ಕಟ್ಟುವಷ್ಟು ಸ್ವಂತ ಜಾಗ ಇರಬಾರದು, ಅಷ್ಟೇ. 1969ರ ತಿದ್ದುಪಡಿ 1970ರ ಜನವರಿ 1ರಂದು ಜಾರಿಗೆ ಬಂತು. ಗೇಣಿದಾರನಿಗೆ ತಾನು ಬೇಸಾಯ ಮಾಡುತ್ತಿದ್ದ ಭೂಮಿಯ ಹಕ್ಕು ಸಿಕ್ಕಿತು. ಕುಡಿಕಿಡಪ್ಪುಕಾರನಿಗೆ ಸಿಕ್ಕಿದ್ದು ಗುಡಿಸಲು ಮತ್ತು ಅದರ ಸುತ್ತಲಿನ ಜಾಗವನ್ನು ಕೊಂಡುಕೊಳ್ಳುವ ಹಕ್ಕು ಮಾತ್ರ. ಪಂಚಾಯತಿನಲ್ಲಾದರೆ 10 ಸೆಂಟ್ಸ್ (ಎಕರೆಯ ಹತ್ತನೇ ಒಂದು ಭಾಗ), ಸಣ್ಣ ಪೇಟೆಯ ನಗರಸಭೆಯಲ್ಲಾದರೆ 5, ದೊಡ್ಡ ಪಟ್ಟಣದಲ್ಲಾದರೆ 3.

ಈಗ ಉತ್ತರಪತ್ರಿಕೆಗೆ ಬನ್ನಿ. ‘ಭೂಸುಧಾರಣೆಯಿಂದ ಒಕ್ಕಲುಗಳಿಗೆ ಭೂಮಿ ಸಿಕ್ಕಿತು’ ಎಂದು ಬರೆದಿರುತ್ತಾರೆ. ಯಾವ ಒಕ್ಕಲು? ಎಕರೆಗಟ್ಟಲೆ ಗದ್ದೆ ಸಿಕ್ಕಿದವನೋ, ಹತ್ತು ಸೆಂಟ್ಸ್ ಸಿಕ್ಕಿದವನೋ? ಇಡೀ ಪಾಠದ ತಿರುಳು ಈ ವ್ಯತ್ಯಾಸದಲ್ಲೇ ಇದೆ. ಗೇಣಿದಾರರಲ್ಲಿ ಹಲವರು ತಾವೇ ನೇಗಿಲು ಹಿಡಿದವರಲ್ಲ, ಅವರ ಕೈಕೆಳಗೂ ಆಳುಗಳಿದ್ದರು. ಆ ಆಳುಗಳಲ್ಲಿ ಹೆಚ್ಚಿನವರು ದಲಿತರು. ಗಡಿಯ ಆಚೆ ಕರ್ನಾಟಕದಲ್ಲಿ 1974ರ ಹೊತ್ತಿಗೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಕೇಳಿಬಂತಲ್ಲ, ಅಲ್ಲೂ ಇದೇ ಪ್ರಶ್ನೆ: ಕಾನೂನಿನ ಪ್ರಕಾರ ಉಳುವವ ಯಾರು, ನಿಜವಾಗಿ ಉಳುತ್ತಿದ್ದವ ಯಾರು?

‘ಒಕ್ಕಲು’ ಕೆಟ್ಟ ಪದವಲ್ಲ, ತುಂಬ ದೊಡ್ಡ ಪದ. ಸಂಸಾರ ಅಂತಲೂ ಆಗುತ್ತದೆ, ಗೇಣಿದಾರ ಅಂತಲೂ ಆಗುತ್ತದೆ. ಹೊಸ ಮನೆಗೆ ಒಕ್ಕಲಾಗುತ್ತೇವೆ. ತೆನೆ ಬಡಿದು ಕಾಳು ಬಿಡಿಸುವುದೂ ಒಕ್ಕಲು, ಅದು ಬೇರೆಯೇ ಬೇರು ಇರಬಹುದು, ಬಲ್ಲವರು ಹೇಳಿ. ‘ಒಕ್ಕಲೆಬ್ಬಿಸು’ ಮಾತ್ರ ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ. 1957ರ ಏಪ್ರಿಲ್‌ನಲ್ಲಿ ಅಧಿಕಾರಕ್ಕೆ ಬಂದ ಕೇರಳದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರ್ಕಾರ ಮೊದಲ ವಾರದಲ್ಲೇ ತಂದ ಸುಗ್ರೀವಾಜ್ಞೆ ಗೇಣಿದಾರರನ್ನೂ ಗುಡಿಸಲಿನವರನ್ನೂ ಒಕ್ಕಲೆಬ್ಬಿಸುವುದನ್ನು ತಡೆಯಿತು. ಅಲ್ಲಿ ಆ ಪದ ಹಾಕಿದರೆ ಯಾರಿಗೂ ಗೊಂದಲವಾಗುವುದಿಲ್ಲ.

ಇನ್ನೊಂದು ತೊಡಕು ‘ಮೂಲ’ದ್ದು. ನಮ್ಮದು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆ ತಾನೇ, ಹಾಗಾಗಿ ಮಲಬಾರಿನ ಕಾಣ, ವೆರುಂಪಾಟ್ಟ ಎಂಬ ಗೇಣಿ ಪದ್ಧತಿಗಳ ಜೊತೆ ನಮ್ಮ ಮೂಲಗೇಣಿ, ವಾಯ್ದೆಗೇಣಿ, ಚಾಲಗೇಣಿಗಳನ್ನೂ ಹೇಳಬೇಕು. ಮೂಲಗೇಣಿ ಎಂದರೆ ಕಾಯಂ ಗೇಣಿ. ಗೇಣಿ ಏರುವ ಹಾಗಿಲ್ಲ, ಎಬ್ಬಿಸುವುದು ಕಷ್ಟ, ಹೆಚ್ಚು ಕಡಿಮೆ ಒಡೆತನವೇ. ಚಾಲಗೇಣಿಯವನು ಧಣಿಯ ಮರ್ಜಿಯಲ್ಲಿದ್ದವನು. ಆದರೆ ‘ಮೂಲದ ಆಳು’ ಎಂದರೆ ತಲೆಮಾರಿನಿಂದ ಭೂಮಿಗೆ ಕಟ್ಟುಬಿದ್ದ ಜೀತದವನು. ಒಂದೇ ‘ಮೂಲ’, ಒಬ್ಬ ಏಣಿಯ ತುದಿಯಲ್ಲಿ, ಇನ್ನೊಬ್ಬ ಬುಡದಲ್ಲಿ! ತುಳು ಮನೆಮಾತಿನ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ, ಮಲಯಾಳ ಮನೆಮಾತಿನವರಿಗೆ ಸ್ವಲ್ಪ ಹೊತ್ತು ಬೇಕು.

ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. ಕೇರಳದ 1963ರ ಕಾಯ್ದೆಗೂ ಮೊದಲಿನ ಕೃಷಿ ಸಂಬಂಧ ಕಾಯ್ದೆ ನಮ್ಮ ಹೊಸದುರ್ಗ, ಕಾಸರಗೋಡು ತಾಲೂಕುಗಳ ವಿಷಯದಲ್ಲಿ 1961ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು. ದೊಡ್ಡ ಕಾರಣಗಳಲ್ಲಿ ಒಂದು ಪದದ್ದೇ. ಇಲ್ಲಿನ ರೈತವಾರಿ ಪಟ್ಟಾ ಭೂಮಿ, ಅಂದರೆ ಪಟ್ಟಾದಾರನೇ ನೇರ ಸರ್ಕಾರಕ್ಕೆ ಕಂದಾಯ ಕಟ್ಟುವ ಭೂಮಿ, ಸಂವಿಧಾನದ ಅರ್ಥದಲ್ಲಿ ‘ಎಸ್ಟೇಟ್’ ಅಲ್ಲ, ಹಾಗಾಗಿ ‘ಎಸ್ಟೇಟ್’ಗಳ ಸುಧಾರಣೆಯ ಕಾನೂನಿಗೆ ಸಂವಿಧಾನ ಕೊಟ್ಟ ರಕ್ಷಣೆ ಇಲ್ಲಿಗೆ ಸಿಗದು ಎಂದು ಕೋರ್ಟು ಹೇಳಿತು. 1964ರಲ್ಲಿ ಸಂವಿಧಾನಕ್ಕೇ 17ನೇ ತಿದ್ದುಪಡಿ ತಂದು ಆ ಪದಕ್ಕೆ ರೈತವಾರಿಯನ್ನೂ ಸೇರಿಸಬೇಕಾಯಿತು. ಈ ಕಥೆ ಹೇಳಿದ ದಿನ ಕ್ಲಾಸಿನಲ್ಲಿ ಯಾರೂ ಆಕಳಿಸುವುದಿಲ್ಲ.

ಸರಿ, ‘ಕುಡಿಕಿಡಪ್ಪು’ಗೆ ಏನನ್ನೋಣ? ‘ಗುಡಿಸಲುವಾಸಿ’ ಎಂದರೆ ಕೊಳೆಗೇರಿಯ ನೆನಪು ಬರುತ್ತದೆ, ಧಣಿಯ ಜೊತೆಗಿನ ಸಂಬಂಧ ಮರೆಯಾಗುತ್ತದೆ. ‘ನಿವೇಶನ ಹಕ್ಕುದಾರ’ ಕಚೇರಿಯ ಕನ್ನಡ, ಬೇಡವೇ ಬೇಡ. ಅಡಿಕೆ ತೋಟದ ಕಡೆ ಆಳುಗಳ ಮನೆಗೆ ‘ಬಿಡಾರ’ ಅನ್ನುತ್ತಾರಲ್ವಾ, ಅದರಿಂದ ‘ಬಿಡಾರದ ಒಕ್ಕಲು’ ಎಂದು ಮಾಡಬಹುದೇ? ನನಗೆ ಇದು ಹಿಡಿಸಿದೆ. ಆದರೆ ಬಿಡಾರದಲ್ಲಿ ಇವತ್ತು ಇದ್ದು ನಾಳೆ ಹೋಗುವ ಧ್ವನಿಯಿದೆ, ಕುಡಿಕಿಡಪ್ಪಿನಲ್ಲಿ ‘ಕುಡಿ’ ಇದೆ, ನಮ್ಮ ‘ಗುಡಿಸಲಿ’ನ ನೆಂಟ, ಬೇರೂರಿದ ಮನೆ. ಪರೀಕ್ಷೆಗೆ ಮಲಯಾಳದ ಪದವನ್ನೇ ಇಟ್ಟುಕೊಳ್ಳಿ ಎಂದು ಸದ್ಯಕ್ಕೆ ಮಕ್ಕಳಿಗೆ ಹೇಳಿದ್ದೇನೆ. ನಮ್ಮ ಊರುಗಳಲ್ಲಿ ಕನ್ನಡ ಮಾತಾಡುವಾಗಲೂ ಅದನ್ನೇ ಹೇಳುತ್ತಾರೆ.

ಪುತ್ತೂರು, ಸುಳ್ಯ, ಬಂಟ್ವಾಳದ ಕಡೆಯವರಿಗೆ ನನ್ನ ಪ್ರಶ್ನೆ ಇಷ್ಟು. ಗೇಣಿ ಹಕ್ಕಿಗಾಗಿ ಭೂನ್ಯಾಯ ಮಂಡಳಿಗೆ ಡಿಕ್ಲರೇಷನ್ ಕೊಡುತ್ತಿದ್ದ ಕಾಲದಲ್ಲಿ, ಗೇಣಿ ಚೀಟಿ ಇಲ್ಲದ, ಬರೀ ಮನೆಯಡಿ ಮಾತ್ರ ಇದ್ದ ಕುಟುಂಬವನ್ನು ನಿಮ್ಮಲ್ಲಿ ಏನೆಂದು ಕರೆಯುತ್ತಿದ್ದರು? ತುಳುವಿನಲ್ಲಾದರೂ ಸರಿ, ಹವ್ಯಕ ಕನ್ನಡದಲ್ಲಾದರೂ ಸರಿ. ಹಳೆಯ ಅರ್ಜಿ, ತೀರ್ಪುಗಳಲ್ಲಿ ಕಂಡ ಪದವಾದರೆ ಇನ್ನೂ ಒಳ್ಳೆಯದು. ಯಾವ ಊರಿನ ಬಳಕೆ ಅನ್ನುವುದನ್ನೂ ಜೊತೆಗೆ ಬರೆಯಿರಿ.